ಆಚೆಯೂರಿನ ಅಕ್ಕ

ಕನ್ನಡಕದಂಗಡಿಯ ಶಟರನ್ನು ಕತೆಗಾರ ಎರಡೂ ಕೈಯಿಂದ ಎಳೆದ. ಅದು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ತುಕ್ಕು ಹಿಡಿದಿರಬೇಕೆಂದು ಇನ್ನೊಮ್ಮೆ ಜಗ್ಗಿದರೆ ಕೆಳಗಿನಿಂದ ಒಂದು ಕೈ ಅದನ್ನು ತಡೆದು ಹಿಡಿದಿತ್ತು. ಬಸ್ಸಿನ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಹಲಗೆಯಂತಾದ ಕೈ.

“ಮುಚ್ಚಬೇಡಿ ಸಾರ್, ಇನ್ನೂ ಜನ ಬರ್ತಿದಾರೆ,” ಎಂದ ಡ್ರೈವರ್, ಬಗ್ಗಿ ಒಳಗೆ ಮುಖ ತೂರಿಸಿ.

“ಬಂದಿರೋರು ಸಾಲ್ದೇನ್ರಿ? ಒಳಗೆ ಉಸಿರಾಡೋಕೆ ಜಾಗ ಇಲ್ಲ.”

“ಅಡ್ಜಸ್ಟ್ ಮಾಡ್ಕೋತಾರೆ. ಪ್ರತಿ ಭಾನುವಾರ ಹಿಂಗೇ ಅಲ್ವಾ.”

ಶಟರ್ ಮತ್ತೆ ಮೇಲೆ ಹೋಯಿತು. ಡ್ರೈವರನ ಹಿಂದೆ ಒಂದು ದಂಡೇ ಇತ್ತು. ಒಬ್ಬಳ ಕೈಯಲ್ಲಿ ಹೂವು, ಇನ್ನೊಬ್ಬನ ಕೈಯಲ್ಲಿ ಹೆಲ್ಮೆಟ್ಟು, ಮತ್ತೊಬ್ಬ ಕೆಲಸದ ಬಟ್ಟೆಯಲ್ಲೇ ಬಂದವನು, ಮೊಣಕೈಯವರೆಗೆ ಗ್ರೀಸು. ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಹಾಕುವಂಥ ಒಂದು ನಮಸ್ಕಾರವನ್ನು ಕತೆಗಾರನಿಗೆ ಹಾಕಿ ಎಲ್ಲರೂ ಒಳಗೆ ನುಗ್ಗಿದರು. ಮರುಕ್ಷಣ ಒಳಗಿಂದ ‘ಅಕ್ಕಾ’ ಎಂಬ ಅಳು.

ಆ ‘ಅಕ್ಕ’ ಕಿವಿಗೆ ಬಿದ್ದಾಗಲೆಲ್ಲ ಕತೆಗಾರನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಆಕೆಯ ಬೆನ್ನಿಗೆ ಬಿದ್ದು ಹುಟ್ಟಿದವನು ಅವನೊಬ್ಬನೇ. ಆಕೆಯ ಎಂಜಲು ತಿಂದವನು, ಆಕೆಯಿಂದ ಕಿವಿ ಹಿಂಡಿಸಿಕೊಂಡವನು ಅವನೊಬ್ಬನೇ. ಇವರೆಲ್ಲ ಯಾವ ಸೀಮೆಯ ತಮ್ಮಂದಿರು?

ಅಕ್ಕ ಹಿಂದಿನ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಮದುವೆಯಾಗಿರಲಿಲ್ಲ. ಲಂಗ ಹಾಕುವ ವಯಸ್ಸಿಗೇ ಈ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಕನ್ನಡಕದ ಕಡ್ಡಿ ಬಿಸಿ ಮಾಡಿ ಬಗ್ಗಿಸುತ್ತ, ಊರಿನವರ ಮೂಗು ಕಿವಿಗಳ ಅಳತೆ ನೋಡುತ್ತ ಜೀವ ಸವೆಸಿದವಳು. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗೆ, ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಯಾರೋ ಅವಳ ಮೂಗಿನ ಮೇಲೆ ಕನ್ನಡಕ ಏರಿಸಿದ್ದರು. ಅದು ಇಲ್ಲದಿದ್ದರೆ ಅಕ್ಕ ಅಕ್ಕನ ಥರ ಕಾಣಲ್ಲ ಎಂದು ಆಸ್ಪತ್ರೆಯ ನರ್ಸ್ ಒಬ್ಬಳು ಹಟ ಹಿಡಿದಿದ್ದಳಂತೆ. ಕೇಳಬೇಕಾದದ್ದು ತಮ್ಮನನ್ನು, ಕೇಳಿದವರು ಯಾರು?

“ಇವತ್ತು ಹೇಳೇ ಬಿಡ್ತೀನಿ ಕಣೇ,” ಎಂದ ಕತೆಗಾರ, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿಯ ಕಿವಿಯಲ್ಲಿ. “ಇನ್ಮೇಲೆ ಆಚೆಯೂರಿನ ಬಗ್ಗೆ ಯಾರೂ ಒಂದಕ್ಷರ ಬರೆಯೋ ಹಾಗಿಲ್ಲ. ಅದು ನಂದು. ಬೀಗ ಹಾಕ್ತೀನಿ.”

“ಇಲ್ಲದ ಊರಿಗೆ ಎಲ್ಲಿಂದ ತರ್ತೀರಿ ಬೀಗ?”

“ತಮಾಷೆ ಅಲ್ಲ. ಪುಸ್ತಕದ ಮೇಲೆ ಹೆಸರಿರೋದು ನಂದು. ನಾನು ಬೇಡ ಅಂದ್ರೆ ಬೇಡ.”

“ಹೆಣ ಇನ್ನೂ ಎತ್ತಿಲ್ಲ. ಅಷ್ಟರಲ್ಲಿ ಪಾಲಿನ ಪಂಚಾಯ್ತಿ. ಸುಮ್ನೆ ಕೂತ್ಕೊಳ್ರಿ, ನೋಡೋರು ನಗ್ತಾರೆ.”

“ನನ್ನನ್ನ ಯಾರೇ ನೋಡ್ತಿದಾರೆ ಇಲ್ಲಿ?” ಎಂದ ಕತೆಗಾರ. ಆ ಮಾತು ಮಾತ್ರ ನೂರಕ್ಕೆ ನೂರು ನಿಜವಾಗಿತ್ತು.

*

ಆಗಿನ್ನೂ ಅವನನ್ನು ಯಾರೂ ಕತೆಗಾರ ಎನ್ನುತ್ತಿರಲಿಲ್ಲ. ಮನೆಮನೆಗೆ ಹೋಗಿ ನೀರಿನ ಮೀಟರು ನೋಡಿ ಬರೆದುಕೊಳ್ಳುವ ಕೆಲಸ. ಬಿಡುವಿನಲ್ಲಿ ಕೂತು ಒಂದು ಕಾದಂಬರಿ ಬರೆದ. ಚಂದ್ರನ ಆ ಕಡೆಯ ಮಗ್ಗುಲಲ್ಲಿ, ನಮ್ಮ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ ಒಂದು ಊರು. ಭೂಮಿಯಿಂದ ಹೋದವರು ಕಟ್ಟಿಕೊಂಡದ್ದು. ಹೆಸರು ಆಚೆಯೂರು. ಪುಸ್ತಕ ಅಚ್ಚಾಯಿತು. ಅಚ್ಚಾದ ಮೇಲೆ ಒಂದು ಕಾರ್ಡು ಬಂತು.

‘ಸ್ವಾಮೀ, ನಿಮ್ಮ ಆಚೆಯೂರಿನ ಮುದುಕಿ ಚಳಿಗಾಳಿ ಬೀಸಿತೆಂದು ಕಿಟಕಿ ಮುಚ್ಚಿದಳು ಅಂತ ಬರೆದಿದ್ದೀರಿ. ಚಂದ್ರನ ಮೇಲೆ ಗಾಳಿಯೇ ಇಲ್ಲ. ಇದು ಯಾರ ಅಪ್ಪನ ಮನೆಯಿಂದ ಬೀಸಿತು?’

ಅವಮಾನದಿಂದ ಅವನು ಊಟ ಬಿಟ್ಟ. ಕೆಲಸ ಮುಗಿಸಿ ಬಂದ ಅಕ್ಕ, ಸಣ್ಣ ಸ್ಕ್ರೂಡ್ರೈವರ್ ಒಂದನ್ನು ಇನ್ನೂ ಜಡೆಗೆ ಸಿಕ್ಕಿಸಿಕೊಂಡೇ, ಅವನ ಮುಂದೆ ನಿಂತಳು.

“ಯಾಕೋ ಮೂತಿ ಊದಿಸ್ಕೊಂಡಿದೀಯ?”

ಕಾರ್ಡು ತೋರಿಸಿದ. ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಸರಿಯಾಗೇ ಕೇಳಿದಾನಲ್ಲೋ. ಎಲ್ಲಿಂದ ಬಂತು ಗಾಳಿ?”

“ಗೊತ್ತಾಗ್ಲಿಲ್ಲ ಕಣೇ. ತಪ್ಪಾಯ್ತು ಅಂತ ಬರೆದು ಹಾಕ್ತೀನಿ.”

“ತಪ್ಪಾಯ್ತು ಅಂದ್ರೆ ಅಲ್ಲಿಗೆ ಮಾತು ಮುಗೀತು. ತಾಳು, ನಾನು ಬರೀತೀನಿ.”

ಅವಳು ಬರೆದದ್ದು ಇಷ್ಟೇ: ‘ಮುದುಕಿ ಕಿಟಕಿ ಮುಚ್ಚಿದ್ದಾಳೆ ಅಂದಮೇಲೆ ಗಾಳಿ ಬೀಸಿದ್ದು ನಿಜ. ಎಲ್ಲಿಂದ ಬೀಸಿತು ಅಂತ ನೀವೇ ಬರೆದು ತನ್ನಿ. ಭಾನುವಾರ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತೇನೆ.’

ಭಾನುವಾರ ಬಂದವನು ಮೀಸೆ ಮೂಡದ ಕಾಲೇಜು ಹುಡುಗ. ಮುಂದೆ ಬಸ್ಸು ಓಡಿಸುವ ಕೆಲಸಕ್ಕೆ ಸೇರಿದವನು. ಹಾಳೆ ಹಿಡಿದು ಓದಿದ. ಆಚೆಯೂರಿನ ಮೇಲೆ ಒಂದು ಗಾಜಿನ ಗುಮ್ಮಟವಿದೆ. ಗುಮ್ಮಟದ ಒಳಗೆ ಜನ. ಹಗಲೆಲ್ಲ ದುಡಿದು, ಸಂಜೆ ಭೂಮಿಯ ನೆನಪಾಗಿ, ಊರಿಗೆ ಊರೇ ಒಟ್ಟಿಗೆ ನಿಟ್ಟುಸಿರು ಬಿಡುತ್ತದೆ. ಮುದುಕಿಗೆ ತಾಗಿದ್ದು ಆ ಗಾಳಿ.

ಅಕ್ಕ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, “ಮುಂದೆ?” ಎಂದಳು.

ಕತೆಗಾರನಿಗೆ ಮೊದಲ ಬಾರಿಗೆ ಹೊಟ್ಟೆ ಉರಿದದ್ದು ಆ ಗಳಿಗೆಯಲ್ಲಿ. ಊರು ತನ್ನದು, ಮುದುಕಿ ತನ್ನವಳು, ತಪ್ಪು ಸಹ ತನ್ನದೇ. ಗಾಳಿ ಮಾತ್ರ ಬೇರೆಯವನ ಬಾಯಿಂದ ಬಂದಿತ್ತು. ಬಂದದ್ದು ತನ್ನದಕ್ಕಿಂತ ಚೆನ್ನಾಗಿತ್ತು. ಅದೇ ಅಸಲಿ ಸಂಕಟ.

*

ಕನ್ನಡಕಕ್ಕೆ ಹಟ ಹಿಡಿದಿದ್ದ ಆ ನರ್ಸ್ ಟೀ ಹಂಚುತ್ತ ಬಂದಳು. “ತಗೊಳ್ಳಿ ಮೂಲದವ್ರೇ.”

ಭಾನುವಾರ ಆಚೆಯೂರಿನ ಕತೆ ಬರೆದು ತರುವ ಗುಂಪಿನವರು ಅವನಿಗಿಟ್ಟ ಹೆಸರು ಅದು. ಮೂಲ ಲೇಖಕ ಎಂದು ಆರಂಭವಾದದ್ದು ಸವೆದು ಸವೆದು ಮೂಲದವರು ಎಂದಾಗಿತ್ತು. ‘ಅದೇನೋ ಕೂರೋಕಾಗದ ಕಾಯಿಲೆ ಹೆಸರಿದ್ದಂಗಿದೆ ಕಣೋ’ ಎಂದು ಅಕ್ಕ ಒಮ್ಮೆ ಎಲ್ಲರೆದುರು ಹೇಳಿ ನಗಿಸಿದ್ದಳು. ಅಂದಿನಿಂದ ಆ ಹೆಸರು ಅಂಟಿಕೊಂಡಿತು, ಕಾಯಿಲೆಯ ಹಾಗೇ.

“ಅಕ್ಕ ಹೊಸಬರಿಗೆಲ್ಲ ಮೊದ್ಲು ನಿಮ್ಮ ಪುಸ್ತಕಾನೇ ಕೊಡ್ತಿದ್ರು,” ಎಂದಳು ನರ್ಸ್.

ಕತೆಗಾರನ ಮುಖ ಕೊಂಚ ಅರಳಿತು. “ಹೌದಾ?”

“ಹೂಂ. ಓದಿ ತಪ್ಪು ಹುಡುಕ್ಕೊಂಡು ಬನ್ನಿ, ಅಲ್ಲಿಂದ ನಿಮ್ಮ ಕತೆ ಶುರು ಮಾಡಿ ಅನ್ನೋರು. ಒಂದೊಂದು ಪುಟದಲ್ಲೂ ಜಾಗ ಇದೆ ಅನ್ನೋರು.”

ಪಕ್ಕದಲ್ಲಿ ಹೆಂಡತಿ ಟೀ ಲೋಟದೊಳಗೆ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಕುಣಿಯುತ್ತಿದ್ದುದು ಅಳುವಿನಿಂದಲ್ಲ.

ನರ್ಸ್ ಹೋಗಿ ಡ್ರೈವರನ ಬಳಿ ನಿಂತಳು. ಅಕ್ಷರದ ಹಲಗೆಯ ಹತ್ತಿರ ಇಬ್ಬರೂ ಪಿಸುಗುಟ್ಟತೊಡಗಿದರು. ಹೊಟ್ಟೆಕಿಚ್ಚಿನವರ ಕಿವಿ ಚುರುಕು.

“ಇನ್ಮೇಲೆ ಭಾನುವಾರ ಎಲ್ಲಿ ಸೇರೋದಣ್ಣ?”

“ಜಾಗ ಎಲ್ಲಾದ್ರೂ ಸಿಗುತ್ತೆ ಬಿಡಮ್ಮ. ಅವ್ರು ಬಿಡ್ತಾರಾ ಅನ್ನೋದೇ ಪ್ರಶ್ನೆ. ಅಕ್ಕನ ಮುಖ ನೋಡಿ ಸುಮ್ನಿದ್ರು.”

“ಬೇಡ ಅಂದ್ಬಿಟ್ರೆ?”

“ಅಂದ್ರೆ ಮುಗೀತು. ಊರು ಅವ್ರದ್ದು.”

ನರ್ಸ್ ಖಾಲಿ ಲೋಟಗಳನ್ನು ಒಂದರೊಳಗೊಂದು ಇಳಿಸುತ್ತ ನಿಂತಳು. ಕೈ ತಪ್ಪಿ ಒಂದು ಲೋಟ ಉರುಳಿತು.

ಕತೆಗಾರನಿಗೆ ನಾಲಿಗೆಯ ಕೆಳಗೆ ಸಕ್ಕರೆ ಕರಗಿದ ಹಾಗಾಯಿತು. ಭಯ ಇದೆಯಲ್ಲ! ಇಷ್ಟು ವರ್ಷಕ್ಕೆ ಒಂದು ಸಲವಾದರೂ ತನ್ನ ಬಾಯಿಯತ್ತ ನೋಡುವ ಕಾಲ ಬಂತಲ್ಲ!

*

ಆ ನರ್ಸ್ ಮೊದಲ ಸಲ ಬಂದಾಗ ಒಂದೇ ಒಂದು ಸಾಲು ಬರೆದು ತಂದಿದ್ದಳು. ಗಂಡ ಮನೆ ಬಿಟ್ಟು ಹೋಗಿದ್ದ ಸಮಯ. ‘ಆಚೆಯೂರಿನ ಕೊನೆಯ ಬೀದಿಯಲ್ಲಿ ನನ್ನ ಮನೆ, ಅದರಲ್ಲಿ ದೀಪ ಹತ್ತುವುದಿಲ್ಲ.’ ಅಷ್ಟೇ. ಮುಂದೆ ಓದಲಾಗದೆ ಕೂತುಬಿಟ್ಟಳು. ಓದಲು ಮುಂದೆ ಏನೂ ಇರಲೂ ಇಲ್ಲ.

ಯಾರೂ ಸಮಾಧಾನ ಹೇಳಲಿಲ್ಲ. ಅಕ್ಕ ಮಾಮೂಲಿನಂತೆ, “ಮುಂದೆ? ಯಾರಾದ್ರೂ ಹೇಳ್ರಪ್ಪ,” ಎಂದಳು.

ಮುಂದಿನ ಭಾನುವಾರ ಒಬ್ಬೊಬ್ಬರೂ ಒಂದೊಂದು ಕತೆ ತಂದರು. ಡ್ರೈವರನ ಕತೆಯಲ್ಲಿ ರಾತ್ರಿ ಪಾಳಿಯವನೊಬ್ಬ ಲಾಟೀನು ಹಿಡಿದು ಕೊನೆಯ ಬೀದಿಯಲ್ಲಿ ಹಾದುಹೋಗುತ್ತಾನೆ. ಇನ್ನೊಬ್ಬನ ಕತೆಯಲ್ಲಿ ಪಕ್ಕದ ಮನೆಯವಳು ತನ್ನ ಕಿಟಕಿಯ ಪರದೆ ಸರಿಸಿ ಬೆಳಕನ್ನು ಆ ಕಡೆ ಬೀಳುವಂತೆ ಬಿಡುತ್ತಾಳೆ. ಮತ್ತೊಬ್ಬಳ ಕತೆಯಲ್ಲಿ ವಿದ್ಯುತ್ತಿನವನು ಏಣಿ ಹತ್ತಿ ಕೂತು, ತಂತಿ ಸರಿಯಿದೆಯಮ್ಮ, ಯಾವಾಗ ಬೇಕಾದರೂ ಹಾಕ್ಕೋ ಎಂದು ಕೂಗಿ ಹೇಳುತ್ತಾನೆ. ಅವತ್ತು ನರ್ಸ್ ಅತ್ತದ್ದು ನೋಡಿದರೆ ಕಲ್ಲೂ ಕರಗಬೇಕು.

ಕತೆಗಾರ ಕರಗಲಿಲ್ಲ. ಅವನ ಮೂರನೆಯ ಪುಸ್ತಕವನ್ನು ಪ್ರಕಾಶಕರು ಅದೇ ವಾರ ವಾಪಸು ಕಳಿಸಿದ್ದರು. ಅವನ ಮನೆಯ ಮುಂದೆ ಯಾವನು ಲಾಟೀನು ಹಿಡಿದು ಬಂದ?

ಅವತ್ತೇ ಕೊನೆಯಲ್ಲಿ ಅವನೂ ಎದ್ದು ನಿಂತು ತನ್ನ ಹೊಸ ಅಧ್ಯಾಯ ಓದಿದ. ಬಹಳ ಅಚ್ಚುಕಟ್ಟಾದ ಅಧ್ಯಾಯ. ಗುಂಪು ಚಪ್ಪಾಳೆ ತಟ್ಟಿತು. ಅವನು ಅಕ್ಕನನ್ನೇ ನೋಡುತ್ತ ನಿಂತ.

“ಕಾಗುಣಿತ ಒಂದೆರಡು ಕಡೆ ನೋಡ್ಕೋ,” ಎಂದಳು.

“ಅಷ್ಟೇನಾ? ನಂಗೆ ‘ಮುಂದೆ’ ಅನ್ನಲ್ವಾ?”

“ನಿಂದು ಮುಗಿದಿದೆಯಲ್ಲೋ. ಎಲ್ಲಾ ಬಾಗಿಲೂ ಹಾಕ್ಕೊಂಡೇ ಬಂದಿದೀಯ. ಏನಂತ ಕೇಳಲಿ?”

ಆಮೇಲೆ ಅವನು ಭಾನುವಾರಗಳಿಗೆ ಹೋಗುವುದನ್ನೇ ಬಿಟ್ಟ. ಅಕ್ಕ ಆಸ್ಪತ್ರೆ ಸೇರಿದಾಗ ರಾತ್ರಿ ಕಾಯಲು ಗುಂಪಿನವರು ಸರದಿ ಹಾಕಿಕೊಂಡರು. ಸರದಿ ತುಂಬಿದೆ, ನೀವು ಆರಾಮಾಗಿರಿ ಎಂದು ಅವನಿಗೆ ಫೋನು ಬಂತು. ಅವನು ಆರಾಮಾಗಿದ್ದ. ಅದಕ್ಕೂ ಅವರ ಮೇಲೇ ಸಿಟ್ಟು.

*

ಚಿತಾಗಾರದ ಹಾಲಿನಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅಕ್ಕನನ್ನು ಮುಂದೆ, ಕಬ್ಬಿಣದ ಬಾಗಿಲ ಹತ್ತಿರ ಮಲಗಿಸಿದ್ದರು. ಮೈಕು ಇದ್ದದ್ದು ಪಕ್ಕದ ಗೋಡೆಯ ಬಳಿ.

ಡ್ರೈವರ್ ಕತೆಗಾರನ ಬಳಿ ಬಂದ. “ಸಾರ್, ನೀವೇ ನಾಲ್ಕು ಮಾತು ಹೇಳಿ. ನಾವು ಶುರು ಮಾಡಿದ್ರೆ ಅಳ್ತೀವಿ.”

ತನ್ನನ್ನು ಯಾರೂ ಕೇಳುವುದಿಲ್ಲವೆಂದು ಉರಿದುಕೊಂಡಿದ್ದವನಿಗೆ ಈಗ ಕೇಳಿದ್ದೂ ಉರಿ. ಆದರೆ ಕಾಯುತ್ತಿದ್ದ ಹೊತ್ತು ಇದೇ. ಬರುವ ದಾರಿಯಲ್ಲಿ ಕಾರಿನ ಕಿಟಕಿಯಾಚೆ ನೋಡುತ್ತ ಅವನು ಮಾತನ್ನು ಕಡೆದು ಇಟ್ಟುಕೊಂಡಿದ್ದ: ‘ಆಕೆ ನನ್ನ ಅಕ್ಕ. ಆಚೆಯೂರು ನನ್ನ ಊರು. ಇವತ್ತಿಗೆ ಎರಡೂ ಮುಗಿದವು.’ ಎಣ್ಣೆ ಹಚ್ಚಿದ ಕತ್ತಿಯಂಥ ಮಾತು. ಹೆಂಡತಿ ಅವನ ಅಂಗಿಯ ತೋಳು ಹಿಡಿದಳು. ಕೊಡವಿಕೊಂಡು ಹೋಗಿ ಮೈಕಿನ ಮುಂದೆ ನಿಂತ. ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ನಮ್ಮಕ್ಕ...” ಎಂದ.

ಹಾಲಿನಲ್ಲಿ ಒಂದು ಅಳು ಒಡೆಯಿತು. “ಹೌದು ಸಾರ್, ನಮ್ಮಕ್ಕ,” ಎಂದಳು ನರ್ಸ್, ಮುಂದಿನ ಸಾಲಿನಿಂದ.

ನಾಲಿಗೆಯ ಗುಣವೇ ಅಂಥದು ನೋಡಿ. ಒಬ್ಬನೇ ಮಗನಾದರೂ ನಮ್ಮಮ್ಮ ಎನ್ನುತ್ತಾನೆ. ಒಂಟಿಯಾಗಿ ಬಾಡಿಗೆಗಿದ್ದರೂ ನಮ್ಮನೆ ಎನ್ನುತ್ತಾನೆ. ‘ನನ್ನ ಅಕ್ಕ’ ಎಂದು ಹುಟ್ಟಿದಾಗಿನಿಂದ ಒಮ್ಮೆಯೂ ಅಂದಿರದ ಬಾಯಿ, ಬೇಕಾದ ಹೊತ್ತಿಗೆ ಎಲ್ಲಿಂದ ತಂದೀತು?

“ಅಲ್ಲ, ನಾನು ಹೇಳ್ತಿರೋದು... ನಮ್ಮನೇಲಿ... ನಮ್ಮಪ್ಪ...” ತಿದ್ದಲು ಹೋದಷ್ಟೂ ಕೆಸರಲ್ಲಿ ಹೂತ ಕಾಲಿನ ಹಾಗೆ ಇನ್ನೂ ಒಳಗಿಳಿಯಿತು. ಎರಡನೆಯ ವಾಕ್ಯಕ್ಕೆ ಹಾರಿದ. “ಆಚೆಯೂರು... ಅದು ನಮ್ಮೂರು...”

ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಡ್ರೈವರ್ ಎದ್ದು ನಿಂತಿದ್ದ. ಅಷ್ಟು ದೊಡ್ಡ ಆಳು ಚಿಕ್ಕ ಮಗುವಿನ ಥರ ಮುಖ ಮಾಡಿಕೊಂಡು, “ನಮ್ಮೂರು ಅಂದ್ರಲ್ಲ ಸಾರ್,” ಎಂದ. “ಅಷ್ಟು ಸಾಕು. ಬೆಳಿಗ್ಗೆಯಿಂದ ಎಲ್ರೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ವಿ.”

ಹಿಂದೆ ಯಾರೋ ತಡೆಯಲಾರದೆ ಚಪ್ಪಾಳೆ ಹೊಡೆದರು. ಸಾವಿನ ಮನೆ ಕಣೋ ಎಂದು ಇನ್ನಾರೋ ಗದರಿದರು. ಗದರಿದವರೂ ಕಣ್ಣು ಒರೆಸಿಕೊಂಡರು.

ಮೂರನೆಯ ವಾಕ್ಯ ಇನ್ನೂ ಬಾಯಲ್ಲಿತ್ತು. ‘ಮುಗಿದವು’ ಎಂದರೆ ಈಗಲೂ ಮುಗಿಯುತ್ತಿತ್ತು. ಕತೆಗಾರ ತಲೆಯೆತ್ತಿ ನೋಡಿದ. ಹಾಲಿಗೆ ಹಾಲೇ ಅವನತ್ತ ನೋಡುತ್ತಿತ್ತು, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. ಈ ನೋಟ ಅವನಿಗೆ ಗೊತ್ತು. ಭಾನುವಾರಗಳಲ್ಲಿ ಇದೇ ನೋಟ ಅಕ್ಕನಿಗೆ ಸಿಗುತ್ತಿದ್ದಾಗ ಗೋಡೆ ಬದಿ ನಿಂತು ಹಲ್ಲು ಕಡಿದವನು ಅವನು. ಈಗ ತಾನಾಗಿ ಬಂದು ಕೈಗೆ ಬಿದ್ದಿದೆ. ಒಂದೇ ಒಂದು ಮಾತಾಡಿದರೆ ಹೊರಟುಹೋಗುತ್ತದೆ. ಬಾಯಿಗೆ ಬಂದ ತುತ್ತು ಯಾರು ಉಗಿಯುತ್ತಾರೆ?

“ಅಷ್ಟೇ,” ಎಂದ ಕತೆಗಾರ. “ಭಾನುವಾರ ಸಿಗೋಣ.”

ಅಂದದ್ದು ಅವನೇ ಎಂದು ನಂಬಲು ಅವನ ಹೆಂಡತಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಆ ಸುಖವನ್ನು ಅವನು ಸರಿಯಾಗಿ ಸವಿಯುವ ಮೊದಲೇ ಚಿತಾಗಾರದ ಕೆಲಸದವನು ಕಬ್ಬಿಣದ ಬಾಗಿಲ ಬಳಿ ಬಂದು ಕೂಗಿದ: “ಟೈಮಾಯ್ತು! ಕೊನೇ ಸಲ ಮುಖ ನೋಡ್ಕೊಳ್ಳಿ. ಮನೆಯವ್ರು ಮಾತ್ರ ಬನ್ನಿ, ಮನೆಯವ್ರು ಮಾತ್ರ!”

ಇಡೀ ಹಾಲ್ ಎದ್ದು ಮುಂದಕ್ಕೆ ಸರಿಯಿತು.

ಒಬ್ಬರೂ ಹಿಂದೆ ಉಳಿಯಲಿಲ್ಲ. ಕೆಲಸದವನು ಕೈ ಅಡ್ಡ ಹಿಡಿದು, ಎಣಿಸಲು ಹೋಗಿ, ಎಣಿಕೆ ಬಿಟ್ಟು, ಸಾಲಾಗಿಯಾದರೂ ಬನ್ನಿ ಎಂದ. ಮೈಕಿನ ಬಳಿ ಸಿಕ್ಕಿಹಾಕಿಕೊಂಡಿದ್ದ ಕತೆಗಾರ ಹೊರಬರುವಷ್ಟರಲ್ಲಿ ಸಾಲಿನ ಬಾಲ ಹಾಲಿನ ಹೊರಬಾಗಿಲು ದಾಟಿ ಅಂಗಳಕ್ಕೆ ಹೋಗಿತ್ತು. ಮೊಣಕೈಯಿಂದ ದಾರಿ ಮಾಡಿಕೊಳ್ಳುತ್ತ, “ಬಿಡ್ರೀ, ಸ್ವಲ್ಪ ಬಿಡ್ರೀ, ನಾನು ಒಡಹುಟ್ಟಿದವನು,” ಎಂದು ನುಗ್ಗಿದ. ಮುಂದಿದ್ದ ಒಬ್ಬ ಎತ್ತರದ ಮನುಷ್ಯ ತಿರುಗಿ ನೋಡದೆಯೇ, “ನಾವೂ ಹಂಗೇ ಅಲ್ವಾ ಯಜಮಾನ್ರೇ, ಸಾಲಲ್ಲಿ ಬನ್ನಿ,” ಎಂದ. ಅಷ್ಟರಲ್ಲಿ ಬೆನ್ನಿಗೆ ಇನ್ನಷ್ಟು ಮಂದಿ ಬಂದು ನಿಂತಿದ್ದರು. ಹಿಂದಕ್ಕೂ ಹೋಗುವಂತಿರಲಿಲ್ಲ.

ಮುಂದಿನವನ ಬೆನ್ನು ಗೋಡೆಯಂತೆ ಅಡ್ಡವಾಗಿತ್ತು. ಅದರಾಚೆ ಯಾರೋ ಅಕ್ಕನ ಕನ್ನಡಕ ತೆಗೆದು ಒರೆಸುತ್ತಿರುವಂತೆ ಕಂಡಿತು, ಮತ್ತೆ ಮರೆಯಾಯಿತು. ಕತೆಗಾರ ಹಿಮ್ಮಡಿ ಎತ್ತಿ ಬೆರಳ ತುದಿಯ ಮೇಲೆ ನಿಂತ. ವಯಸ್ಸಾದ ಕಾಲು, ಓಲಾಡಿತು. ಆಸರೆಗೆಂದು ಆ ಅಪರಿಚಿತನ ಹೆಗಲ ಮೇಲೆ ಕೈಯಿಟ್ಟ. ಅವನು ಆಗಲೂ ತಿರುಗಲಿಲ್ಲ. ಹೆಗಲನ್ನು ಮಾತ್ರ, ಹಿಂದಿನವರಿಗೆ ಅಕ್ಕನ ಮುಖ ಕಾಣುವಷ್ಟು, ಕೆಳಗಿಳಿಸಿದ.