ಸುಣ್ಣ ಬಳಿದ ಕೊಟ್ಟಿಗೆ

ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಚಿಕ್ಕವೆಂಕಟಮ್ಮ ತಲೆಯಿಂದ ಇನ್ನೂ ಇಳಿಸಿರಲಿಲ್ಲ. ರೇಷ್ಮೆಹುಳದ ಮನೆಯ ಬಾಗಿಲಿಗೆ ಗೌಡ ಚೆನ್ನರಾಯಪ್ಪ ಅಡ್ಡ ಬಂದ.

"ಅಲ್ಲೇ ನಿಲ್ಲೇ, ಮುಂಡೇದೆ! ನಿನ್ನ ಗಂಡ ಮಲಗವ್ನಂತೆ?"

"ಹೂಂ ಸೋಮಿ. ಮೈಯೆಲ್ಲ ಕೆಂಡ ಆಗೈತೆ."

"ಮತ್ತೆ ಬಾಯಿ ತಕ್ಕೊಂಡು ಬತ್ತೀಯಾ? ನಿನ್ನ ಉಸಿರು ಸೊಪ್ಪಿಗೆ ತಾಕಿದ್ರೆ ನನ್ನ ಹುಳ ಉಳೀತವಾ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಮೊರದಿಂದ ಸುಣ್ಣದ ಪುಡಿ ಬಾಚಿ ಅವಳ ಕಾಲ ಮೇಲೆ ಎರಚಿದ. ಹಿಮ್ಮಡಿಯ ಸೀಳುಗಳು ಉರಿದವು. ಅವಳು ಕಾಲು ಹಿಂದಕ್ಕೆಳೆಯಲಿಲ್ಲ.

ಐವತ್ತೇಳರ ಆ ಮಳೆಗಾಲದಲ್ಲಿ ಫ್ಲೂ ಜ್ವರ ಊರೂರು ಹೊಕ್ಕಿತ್ತು. ಶಿಡ್ಲಘಟ್ಟದ ಕಡೆಯಿಂದ ಬಂದ ಆರೋಗ್ಯ ಇಲಾಖೆಯವನು ಕೇರಿಯ ಹೊರಗೇ ಸೈಕಲ್ ನಿಲ್ಲಿಸಿ, ನೀರು ಕಾಯಿಸಿ ಕುಡೀರಿ, ಬಾಯಿಗೆ ಬಟ್ಟೆ ಕಟ್ಟಿ, ಕಾಯಿಲೆಯವರನ್ನ ಬೇರೆ ಮಲಗಿಸಿ ಎಂದು ಕೂಗಿ ಹೋಗಿದ್ದ. ಎಲ್ಲಿ ಮಲಗಿಸುವುದು? ಇದ್ದದ್ದೊಂದು ಗುಡಿಸಲು. ಅದರಲ್ಲಿ ಗಂಡ ಆವುಲಪ್ಪ ನರಳುತ್ತಿದ್ದ. ಅವನ ಪಕ್ಕ ಅತ್ತೆಗೂ ನಡುಕ ಶುರುವಾಗಿತ್ತು. ರಾತ್ರಿಯಾದರೆ ಅತ್ತೆಯ ಪಕ್ಕದಲ್ಲೇ ಮಕ್ಕಳು.

"ಸೋಮಿ, ಆ ಹಳೇ ಕೊಟ್ಟಿಗೇಲಿ ಒಂದು ಮೂಲೆ ಕೊಡಿ. ಮಕ್ಕಳಿಬ್ಬರನ್ನ ಮಲಗಿಸ್ತೀನಿ. ಅವಕ್ಕಿನ್ನೂ ಅಂಟಿಲ್ಲ."

ಆ ಕೊಟ್ಟಿಗೆಯ ಸಗಣಿ ಬಾಚಿ ಸುಣ್ಣ ಬಳಿದವಳು ಅವಳೇ. ನಿನ್ನೆ ತಾನೇ. ಗೋಡೆ ಇನ್ನೂ ಪೂರ್ತಿ ಒಣಗಿರಲಿಲ್ಲ.

ಚೆನ್ನರಾಯಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಕೇಳ್ದೇನೋ ಕೋನಪ್ಪ? ಕೇರಿಯೋರಿಗೆ ಅರಮನೆ ಬೇಕಂತೆ! ಲೇ, ನೀವು ಹೊರಳಾಡಿದ ಜಾಗದಲ್ಲಿ ಹುಳ ಸೊಪ್ಪು ಮುಟ್ತವೇನೇ?"

ಆಳು ಕೋನಪ್ಪ ನಗಲಿಲ್ಲ. ಹುಳ ತುಂಬಿದ ಬಿದಿರ ತಟ್ಟೆಯೊಂದನ್ನು ಎತ್ತಿಕೊಂಡು ನಿಂತ.

"ಏನು ನೋಡ್ತೀಯ? ಸಾಗ್ಸು. ಹುಳ ಒತ್ತೊತ್ತಾಗವೆ, ರೋಗ ಹತ್ಕಂಡ್ರೆ ಎಲ್ಲಾ ಕೊಳೀತವೆ. ಅರ್ಧ ಕೊಟ್ಟಿಗೇಲಿ ಹರಡು. ಬಿಡಿಬಿಡಿಯಾಗಿ!"

ತಟ್ಟೆಗಳು ಒಂದೊಂದಾಗಿ ಅವಳ ಮುಂದೆಯೇ ಹಾದು ಕೊಟ್ಟಿಗೆಗೆ ಹೋದವು. ಬೆಳ್ಳಗೆ ಮೈತುಂಬಿದ ಹುಳಗಳು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಹೊರೆ ಕತ್ತನ್ನು ಒತ್ತುತ್ತಿತ್ತು, ಅಷ್ಟೇ.

ಅವಳ ಹಿಂದೆ ಮಗಳು ಅಶ್ವತ್ಥಮ್ಮ ತಮ್ಮನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದಳು. ಹಳೇ ಸೀರೆ ಹರಿದು ಅವ್ವ ಕಟ್ಟಿದ್ದ ಬಟ್ಟೆ ಬಾಯಿ ಮೇಲಿತ್ತು. ಕೊನೆಯ ತಟ್ಟೆ ಒಳಗೆ ಹೋದಾಗ ಹುಡುಗಿ ಆ ಬಟ್ಟೆಯನ್ನು ಗಲ್ಲಕ್ಕೆ ಜಗ್ಗಿದಳು.

ಮಗಳ ಬಾಯಿ ಮುಚ್ಚಲು ಚಿಕ್ಕವೆಂಕಟಮ್ಮನ ಕೈ ಎಂದಿನಂತೆ ಮೇಲೆದ್ದಿತು. ಹಾಗೇ ಕೆಳಗಿಳಿಯಿತು.

"ಗೌಡ್ರೇ, ಒತ್ತೊತ್ತಾಗಿದ್ರೆ ಹುಳಕ್ಕೆ ರೋಗ ಬತ್ತೈತೆ ಅಂತ ನಿಮ್ಗೆ ಗೊತ್ತೈತಲ್ಲ. ನಮ್ಮಪ್ಪನ ಪಕ್ಕ ನಾವು ಒತ್ತೊತ್ತಾಗಿ ಮಲಗಿದ್ರೆ ನಮ್ಗೆ ಬರಲ್ವಾ?"