ಗುಣಪಾಲನ ದಿಬ್ಬಣ ಗದ್ದೆಯಲ್ಲಿ ನಿಂತದ್ದು

ಗುಣಪಾಲನ ಮದುವೆಯ ಮುಹೂರ್ತ ಎರಡು ಸಲ ತಪ್ಪಿತ್ತು. ಮೊದಲ ಸಲ ಹೊಳೆ ದಾಟಲು ದೋಣಿ ಸಿಗಲಿಲ್ಲ, ಎರಡನೆಯ ಸಲ ಬಸ್ಸು ಕೈಕೊಟ್ಟಿತು. "ಇನ್ನೊಮ್ಮೆ ತಪ್ಪಿದರೆ ಕಮಲಳನ್ನು ಬೇರೆಯವನಿಗೆ ಕೊಡುತ್ತೇನೆ" ಎಂದು ಎಣ್ಮಕಜೆಯಿಂದ ಹುಡುಗಿಯ ಅಪ್ಪ ಮಹಾಬಲ ಹೇಳಿಕಳಿಸಿದ್ದ. ಗುಣಪಾಲನಿಗೆ ಆಗಲೇ ನಲವತ್ತೊಂದು. ಅವನನ್ನು ಸಾಕಿದ ಸೋದರತ್ತೆ ದೇವಕಿ ಆ ಚಿಂತೆಯಲ್ಲಿ ಮೂರು ತಿಂಗಳು ಕಣ್ಣು ಮುಚ್ಚಿರಲಿಲ್ಲ, ಮಧ್ಯಾಹ್ನದ ಊಟವಾದ ಮೇಲೆ ಬಿಟ್ಟು.

ವಾದ್ಯವಿಲ್ಲದ ದಿಬ್ಬಣ ಹೆಣ್ಣಿನ ಮನೆಯಂಗಳ ಮೆಟ್ಟುವಂತಿಲ್ಲ. ಅದಕ್ಕೇ ಹರಿನಾಥ ಮಾಸ್ತರನ ಬ್ಯಾಂಡು. ಹರಿನಾಥ ಹನ್ನೊಂದು ವರ್ಷ ನಾರ್ವೆಯವರ ಹಡಗಿನಲ್ಲಿ ಅಡುಗೆ ಮಾಡಿದವನು. ಕಪ್ತಾನ ಕೊಟ್ಟ ಸಂಗೀತದ ಪುಸ್ತಕ ನೋಡಿ ಅವನು "ಲಾರ್ಗೊ!" ಎಂದರೆ ದಿಬ್ಬಣವನ್ನು ಬಸವನಹುಳುಗಳು ಹಿಂದೆ ಹಾಕುತ್ತಿದ್ದವು. "ಪ್ರೆಸ್ಟೊ!" ಎಂದರೆ ಮದುಮಗನ ತಲೆ ಮುಂದೆ ಹೋಗಿ ಮುಂಡಾಸು ಹೊರಟ ಊರು ಕಾರಡ್ಕದಲ್ಲೇ ಉಳಿಯುತ್ತಿತ್ತು.

ಮಹಾಬಲನ ಮನೆಯ ಚಪ್ಪರ ಕಾಣುತ್ತಿದ್ದ ಗದ್ದೆಯ ನಡುವೆ ಹರಿನಾಥ "ಫೆರ್ಮಾತೆ!" ಎಂದ. ಬ್ಯಾಂಡು ಒಂದೇ ಸ್ವರ ಹಿಡಿದು ನಿಂತಿತು. ದಿಬ್ಬಣವೂ ನಿಂತಿತು. ಕ್ಲಾರಿನೆಟ್ಟಿನ ಬೋಜನ ಕೆನ್ನೆಗಳು ಹಲಸಿನಕಾಯಿಯಷ್ಟು ಊದಿ, ಕಿವಿಗಳು ಬೆನ್ನಿನ ಕಡೆಗೆ ಸರಿದವು.

ವಿಧವೆಯೆಂದು ಎಲ್ಲರ ಹಿಂದೆ ನಡೆಯುತ್ತಿದ್ದ ದೇವಕಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ಎಂತ ಮಾಸ್ಟ್ರೇ, ಬೇರು ಬಿಟ್ಟಿತಾ ಕಾಲಿಗೆ?"

"ಫೆರ್ಮಾತೆ, ದೇವಕಿಯಕ್ಕ. ಮುಂದಿನ ಶಬ್ದ ಹೇಳುವವರೆಗೆ ಹಿಡಿದ ಸ್ವರ ಬಿಡ್ಲಿಕ್ಕಿಲ್ಲ."

"ಹೇಳಿ ಮತ್ತೆ!"

ಹರಿನಾಥ ಬದುವಿನ ಮೇಲಿದ್ದ ಆಡನ್ನು ತೋರಿಸಿದ. ಪುಸ್ತಕದ ಮುಂದಿನ ಹಾಳೆಯ ಕೊನೆಯ ತುಂಡು ಅದರ ಬಾಯಿಯಲ್ಲಿತ್ತು.

"ಮುಹೂರ್ತಕ್ಕೆ ಹತ್ತು ನಿಮಿಷ ಉಂಟು ಮಾರಾಯ್ರೆ! 'ಹೋಗುವ' ಹೇಳಿದ್ರೆ ಸಾಕಲ್ಲ?"

"ಬ್ಯಾಂಡಿನವರು ಕೇಳ್ಲಿಕ್ಕಿಲ್ಲ. ನಾರ್ವೆಯವರೇ ಈ ಶಬ್ದಗಳನ್ನೆಲ್ಲ ಇಟಲಿಯಿಂದ ತಂದದ್ದಂತೆ."

"ಅಯ್ಯೋ ಪಾಪವೇ, ನಿಧಾನ, ಬೇಗ ಹೇಳ್ಲಿಕ್ಕೆ ಅವರಿಗೆ ಮಾತಿಲ್ವಾ?"

"ಉಂಟು. ಮನೆಯ ಮಾತಿಗೆ ಕ್ಲಾರಿನೆಟ್ಟು ಹೆದರುದಿಲ್ಲ, ಅಷ್ಟೇ."

ದೇವಕಿ ಗುಣಪಾಲನನ್ನು ನೋಡಿದಳು. ಅವನ ಮೀಸೆಗೆ ಬಳಿದ ಕಪ್ಪು ಬೆವರಿನಲ್ಲಿ ಗಲ್ಲಕ್ಕಿಳಿಯುತ್ತಿತ್ತು. ಅವಳಿಗೆ ತನ್ನ ಎಮ್ಮೆಯ ನೆನಪಾಯಿತು. ಅದೂ ಈ ಬ್ಯಾಂಡಿನ ಹಾಗೆಯೇ. ಕೆಸರಿನಲ್ಲಿ ಮಲಗಿದರೆ ತುಳುವಿಗೂ ಏಳದು, ಕನ್ನಡಕ್ಕೂ ಏಳದು. ಅದಕ್ಕಾಗಿ ಅವಳೇ ಕಟ್ಟಿದ ಒಂದು ಶಬ್ದವಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು:

"ಹುರ್ರಿಯೋ!"

ಬೋಜನ ಕೆನ್ನೆ ಒಡೆದಂತೆ ರಾಗ ಹೊರಬಿತ್ತು. ಡೋಲು ಹಾರಿತು, ದಿಬ್ಬಣ ಓಡಿತು. ಆಡೂ ಓಡಿತು. ತಾಳಿ ಕಟ್ಟಿದಾಗ ಮುಹೂರ್ತ ಮೀರಲು ಇನ್ನೂ ಎರಡು ನಿಮಿಷ ಬಾಕಿಯಿತ್ತು. ಕಮಲ ಓಟ ನೋಡಿ ನಕ್ಕದ್ದು ಊಟ ಮುಗಿದರೂ ನಿಂತಿರಲಿಲ್ಲ.

ಎಲೆಯ ಮುಂದೆ ಕುಳಿತ ಹರಿನಾಥ ಪುಸ್ತಕ ತೆರೆದು ಮೆಲ್ಲಗೆ ಕೇಳಿದ, "ದೇವಕಿಯಕ್ಕ, ಅದು ಇಟಲಿಯದ್ದಾ?"

"ಮತ್ತೆ? ನಾರ್ವೆಯವರ ಕೈಗೆ ಸಿಗದೆ ಸೀದಾ ನಮ್ಮ ಹಟ್ಟಿಗೆ ಬಂದದ್ದು. ಬರ್ಕೊಳ್ಳಿ."

ಅವನು ಬರೆದುಕೊಂಡ.

ಮರುದಿನ ಎಮ್ಮೆ ಮತ್ತೆ ಕೆಸರಿನಲ್ಲಿ ಮಲಗಿತು. ಮದುವೆಯ ಶಬ್ದವನ್ನು ಎಮ್ಮೆಗೆ ಹೇಳಲು ದೇವಕಿಗೆ ಮನಸ್ಸು ಬರಲಿಲ್ಲ. ಆಚೀಚೆ ನೋಡಿ "ಪ್ರೆಸ್ಟೊ!" ಎಂದಳು.

ಎಮ್ಮೆ ಎದ್ದಿತು.