ಸುಮ್ಮನೆ ಕೂರುವವರ ಹಂಡೆ

ನಾನು ಒಂದು ತಾಮ್ರದ ಹಂಡೆ. ಕುಣಿಗಲ್ಲಿನ ವೀರಾಚಾರಿ ಬಡಿದು ಬಡಿದು ನನಗೆ ಹೊಟ್ಟೆ ಬರಿಸಿದ. ಈ ಲೋಕದಲ್ಲಿ ನಾನು ಮೊದಲು ಕಂಡದ್ದು ಅವನ ಸುತ್ತಿಗೆ. ಆಮೇಲೆ ಕಂಡದ್ದು ಕಮಲಾಕ್ಷಮ್ಮನವರ ಹುಣಸೆಹಣ್ಣು. ಅವರು ತಿಕ್ಕಿದರೆ ನನ್ನಲ್ಲಿ ಮುಖ ಕಾಣುತ್ತಿತ್ತು.

ಅವರ ಮದುವೆಯ ಬಳುವಳಿಯಾಗಿ ನಾನು ಮಧುಗಿರಿಗೆ ಬಂದೆ. ಯಜಮಾನರಾದ ವಾಸುದೇವರಾಯರು ಪೋಸ್ಟ್‌ಮಾಸ್ಟರು. ಕಚೇರಿಯಲ್ಲಿ ಅವರಿಗೆ ಎಲ್ಲರೂ ಹೆದರುತ್ತಿದ್ದರು. ಶನಿವಾರ ಎಣ್ಣೆ ಹಚ್ಚಿಕೊಂಡು ನನ್ನ ಮುಂದಿನ ಮಣೆಯ ಮೇಲೆ ಕುಳಿತರೆ, ಹೆದರುವ ಸರದಿ ಅವರದು.

"ಅಯ್ಯೋ, ಸುಡುತ್ತೆ ಕಣೇ ಕಮಲೂ!"

"ಸುಮ್ನೆ ಕೂತ್ಕೊಳ್ಳಿ. ಇನ್ನೊಂದೇ ಚೊಂಬು."

ನಲವತ್ತಾರು ವರ್ಷದಲ್ಲಿ ರಾಯರು ಒಮ್ಮೆಯೂ ಸುಮ್ಮನೆ ಕೂರಲಿಲ್ಲ. ಆ ಇನ್ನೊಂದು ಚೊಂಬು ಒಮ್ಮೆಯೂ ಕೊನೆಯದಾಗಲಿಲ್ಲ.

ಕಮಲಾಕ್ಷಮ್ಮನವರು ದೇವರ ಪಾದ ಸೇರಿದರು. ರಾಯರು ಪೂಜೆ ಬಿಡಲಿಲ್ಲ, ಬಿಸಿನೀರು ಬಿಟ್ಟರು. ನಲ್ಲಿಯ ತಣ್ಣೀರು ಸುರಿದುಕೊಂಡು ಕೆಮ್ಮುತ್ತಿದ್ದರು. ನನ್ನೊಳಗೆ ಮುರಿದ ಛತ್ರಿಗಳು ಬಂದು ಕುಳಿತವು.

ಒಂದು ವರ್ಷ ಕಳೆದ ಮೇಲೆ ಅವರ ತಮ್ಮನ ಮಗಳು ವೈದೇಹಿ ಬಂದಳು. ಜಪಾನಿನಲ್ಲಿ ಝೆನ್ ಧ್ಯಾನ ಕಲಿತು, ಊರಾಚೆ ಬಂಡೆಗುಡ್ಡದ ಕೆಳಗೆ ಕೊಳದ ಪಕ್ಕ ಮರದ ಸೌನಾ ಗುಡಿಸಲು ಕಟ್ಟಿದ್ದಳು. ಅಲ್ಲಿ ಕಾದ ಕಲ್ಲಿಗೆ ನೀರು ಚೆಲ್ಲಿ ಹಬೆಯಲ್ಲಿ ಬೆವರಬೇಕು, ಕೊಳದಲ್ಲಿ ಮುಳುಗಬೇಕು, ಹೊಂಗೆ ಮರದಡಿ ಧ್ಯಾನಕ್ಕೆ ಕೂರಬೇಕು. ಮಾತು ಮಾತ್ರ ಕೂಡದು.

"ದೊಡ್ಡಪ್ಪ, ಅಲ್ಲಿ ನೀರು ಕಾಯಿಸೋಕೆ ಹಂಡೆ ಕೊಡಿ. ನೀವೂ ಬನ್ನಿ. ಹೀಗೇ ಆದ್ರೆ ಕೆಮ್ಮು ಎದೆಗಿಳಿಯುತ್ತೆ."

"ಹಂಡೆ ತಗೊಂಡು ಹೋಗು. ನನ್ನನ್ನ ಬಿಟ್ಟುಬಿಡು."

ನಾನು ಗುಡಿಸಲಿನ ಒಲೆಯೇರಿ ಮೂರು ವಾರವಾದ ಮೇಲೆ, ಒಂದು ಶನಿವಾರ, ಹಂಡೆ ನೋಡಿ ಹೋಗುತ್ತೇನೆಂದು ರಾಯರು ಬಂದರು. ಆದರೆ ತಲೆಯಲ್ಲಿ ಹರಳೆಣ್ಣೆ ಮಿರುಗುತ್ತಿತ್ತು, ಸೊಂಟದಲ್ಲಿ ಪಾಣಿಪಂಚೆ, ಕೈಯಲ್ಲಿ ಸೀಗೆಪುಡಿಯ ಪೊಟ್ಟಣ. ನಾನು ಸಂತೋಷದಿಂದ ಕುದಿದೆ.

ಗುಡಿಸಲಿನಲ್ಲಿ ಆರು ಮಂದಿ ಕಣ್ಣು ಮುಚ್ಚಿ ಕುಳಿತಿದ್ದರು. ರಾಯರು ಮನೆಯ ರೂಢಿಯಂತೆ ಪೊಟ್ಟಣ ಬಿಚ್ಚಿ, ಪುಡಿಯನ್ನೆಲ್ಲ ಚೊಂಬಿನ ನೀರಿಗೆ ಹಾಕಿ ಕಲಸಿ, ಪಕ್ಕದಲ್ಲಿಟ್ಟರು. ಅರೆಗಣ್ಣಿನಲ್ಲಿದ್ದ ವೈದೇಹಿ ಅದೇ ಚೊಂಬನ್ನೆತ್ತಿ ಕಾದ ಕಲ್ಲಿನ ಮೇಲೆ ಸುರಿದಳು.

ಸೀಗೆಯ ಹಬೆ ಭುಸ್ಸೆಂದು ಎದ್ದಿತು. ಮೊದಲು ಸೀನಿದವರು ಹತ್ತು ದಿನದಿಂದ ಮೌನವ್ರತದಲ್ಲಿದ್ದ ವಕೀಲರು.

"ಅಕ್ಷೀ! ಯಾರ್ರೀ ಅದು ಮೆಣಸಿನಪುಡಿ ಹಾಕಿದ್ದು?"

"ಮೆಣಸಲ್ಲ ಸ್ವಾಮಿ, ಸೀಗೆ. ತಲೆಗೆ ಒಳ್ಳೇದು," ಎಂದರು ರಾಯರು.

ಆರೂ ಮಂದಿ ಹೊಸ್ತಿಲು ಹಾರಿ ಕೊಳಕ್ಕೆ ಬಿದ್ದರು. ವೈದೇಹಿಯೂ ಸೀನುತ್ತಾ ಹೊರಗೋಡಿದಳು. ಹಬೆ ಇಳಿದಾಗ ರಾಯರೊಬ್ಬರೇ ಕುಳಿತಿದ್ದರು, ತಲೆತುಂಬ ಎಣ್ಣೆ ಹೊತ್ತು. ನೀರೆರೆಯುವವರು ಇರಲಿಲ್ಲ. ಮೆಲ್ಲಗೆ ಏಳಹೊರಟರು. ಎದ್ದು ಹೋದರೆ ಮತ್ತೆ ಬರುವವರಲ್ಲ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ವೈದೇಹಿ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದಳು. ನನ್ನಿಂದ ಒಂದು ಚೊಂಬು ನೀರು ಮೊಗೆದು ಅವರ ತಲೆಗೆ ಸುರಿದಳು.

"ಅಯ್ಯೋ, ಸುಡುತ್ತೆ ಕಣೇ!"

"ಸುಮ್ನೆ ಕೂತ್ಕೊಳ್ಳಿ ದೊಡ್ಡಪ್ಪ."

ರಾಯರು ಕುಳಿತರು. ಬಹಳ ಹೊತ್ತು ಅಲುಗಲಿಲ್ಲ. ಕಡೆಗೆ ಅಂದರು: "ಅವಳಾಗಿದ್ರೆ ಇನ್ನೊಂದು ಚೊಂಬು ಹಾಕ್ತಿದ್ಲು."

ವೈದೇಹಿ ನನ್ನನ್ನು ಬರಿದು ಮಾಡಿದಳು.

ಈಗ ನನ್ನ ತಳ ತೂತಾಗಿದೆ. ಹೊಂಗೆ ಮರದಡಿ ಬೋರಲಾಗಿ ಬಿದ್ದಿದ್ದೇನೆ. ಮಂಡಿ ಮಡಚಲಾರದ ರಾಯರು ಪ್ರತಿ ಶನಿವಾರ ಮಿಂದು ಬಂದು ನನ್ನ ಮೇಲೆಯೇ ಧ್ಯಾನಕ್ಕೆ ಕೂರುತ್ತಾರೆ. ಇಷ್ಟು ವರ್ಷ ಅವರ ನೀರು ಹೊತ್ತೆ, ಈಗ ಅವರನ್ನೇ ಹೊತ್ತಿದ್ದೇನೆ, ನೀರೇ ಹಗುರವಾಗಿತ್ತು.

ಮೊನ್ನೆ ವಕೀಲರು ಕೇಳಿದರು: "ಇಷ್ಟು ಸುಮ್ನೆ ಕೂರೋದನ್ನ ಯಾರ ಹತ್ರ ಕಲಿತ್ರಿ ರಾಯರೇ?"

"ಮನೆಯವಳು ಹೇಳಿಕೊಡ್ತಾನೇ ಇದ್ಲು," ಎಂದರು ರಾಯರು. "ನಾನು ಕಲಿತದ್ದು ಸ್ವಲ್ಪ ತಡ."